ಬಿಸಿ ಬಾಚಣಿಗೆ ಕಂಡುಹಿಡಿದವರು ಇವರಲ್ಲ! ಹಾಗಾದರೆ ಮೇಡಂ ಸಿ.ಜೆ. ವಾಕರ್ ಮಾಡಿದ್ದೇನು?

ಕೂದಲು ನೇರ ಮಾಡುವ ಬಿಸಿ ಬಾಚಣಿಗೆಯನ್ನು ಕಂಡುಹಿಡಿದು ಕೋಟ್ಯಧಿಪತಿಯಾದ ಬಟ್ಟೆ ಒಗೆಯುವ ಹೆಂಗಸಿನ ಕಥೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಹೆಸರು ಮೇಡಂ ಸಿ.ಜೆ. ವಾಕರ್. ಅಂಥವರೊಬ್ಬರು ಇದ್ದದ್ದು ನಿಜ, ಬಟ್ಟೆ ಒಗೆದದ್ದೂ ನಿಜ. ಆದರೆ ಬಾಚಣಿಗೆಯ ಮಾತು ಸುಳ್ಳು. ಕೋಟಿಯ ಲೆಕ್ಕಕ್ಕೂ ಸ್ವಲ್ಪ ಉಪ್ಪುಖಾರ ಬಿದ್ದಿದೆ.

ಈ ಸುಳ್ಳಿನಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟ ಇದೆ. ಶಿವಾಜಿನಗರದ ಗಲ್ಲಿಯಲ್ಲಿರುವ ಎರಡು ಕುರ್ಚಿಯ ಅಂಗಡಿಯಿಂದ ಹಿಡಿದು ಇಂದಿರಾನಗರ 100 ಅಡಿ ರಸ್ತೆಯ ಎಸಿ ಸಲೂನ್‌ವರೆಗೆ ಮಾಲೀಕರ ತಲೆನೋವು ಒಂದೇ. ಕೆಲಸ ಕಲಿಸಿದರೆ ಕಲಿತವರು ಪಕ್ಕದ ರಸ್ತೆಗೆ ಹೋಗುತ್ತಾರೆ. ಕಲಿಸದಿದ್ದರೆ ಗಿರಾಕಿ ಹೋಗುತ್ತಾರೆ. ನೂರು ವರ್ಷಕ್ಕೂ ಹಿಂದೆ ವಾಕರ್ ಬಿಡಿಸಲು ಹೊರಟದ್ದು ಇದೇ ಗಂಟನ್ನು. ಬಾಚಣಿಗೆಯ ಕಥೆ ಅದನ್ನು ಮುಚ್ಚಿಹಾಕಿದೆ.

ಆಕೆಯ ಮೊದಲ ಹೆಸರು ಸಾರಾ ಬ್ರೀಡ್‌ಲವ್. ಹುಟ್ಟಿದ್ದು 1867ರ ಡಿಸೆಂಬರ್ 23ರಂದು, ಅಮೆರಿಕದ ಲೂಸಿಯಾನಾ ರಾಜ್ಯದ ಡೆಲ್ಟಾ ಎಂಬ ಊರಿನ ಹತ್ತಿ ತೋಟದಲ್ಲಿ. ಅಪ್ಪ ಅಮ್ಮ ಗುಲಾಮರಾಗಿದ್ದವರು. ಆ ಮನೆಯಲ್ಲಿ ಗುಲಾಮಗಿರಿ ಇಲ್ಲದೆ ಹುಟ್ಟಿದ ಮೊದಲ ಮಗು ಸಾರಾ. 7ನೇ ವಯಸ್ಸಿಗೆ ತಬ್ಬಲಿ, 14ಕ್ಕೆ ಮದುವೆ, 20ರ ಹೊತ್ತಿಗೆ ವಿಧವೆ, ಕೈಯಲ್ಲಿ ಲೀಲಿಯಾ ಎಂಬ ಪುಟ್ಟ ಮಗಳು. ಅಣ್ಣಂದಿರು ಸೇಂಟ್ ಲೂಯಿಸ್ ನಗರದಲ್ಲಿ ಕ್ಷೌರಿಕರಾಗಿದ್ದರು. ಸಾರಾ ಅಲ್ಲಿಗೆ ಹೋಗಿ ವರ್ಷಗಟ್ಟಲೆ ಕಂಡವರ ಬಟ್ಟೆ ಒಗೆದರು. ದಿನದ ಸಂಪಾದನೆ ಒಂದೂವರೆ ಡಾಲರಿನ ಆಸುಪಾಸು.

ಅಷ್ಟರಲ್ಲಿ ಅವರ ಕೂದಲು ಉದುರತೊಡಗಿತು. ಆ ಕಾಲದಲ್ಲಿ ಇದು ಅವರೊಬ್ಬರ ಕಷ್ಟವಾಗಿರಲಿಲ್ಲ. ಬಡವರ ಮನೆಗಳಿಗೆ ನಲ್ಲಿ ನೀರು ಇರಲಿಲ್ಲ, ತಲೆಗೆ ನೀರು ಹಾಕಿಕೊಳ್ಳುವುದೇ ಅಪರೂಪ. ಹಾಕಿಕೊಂಡರೂ ಚರ್ಮ ಸುಡುವ ಕ್ಷಾರದ ಸೋಪು. ಹೊಟ್ಟು, ತುರಿ, ಹುಣ್ಣು ಮಾಮೂಲಿಯಾಗಿದ್ದವು.

ಇಲ್ಲಿಂದ ಮುಂದಿನ ಕಥೆಯಲ್ಲಿ ಫಾರ್ವರ್ಡ್‌ಗಳು ಬಿಟ್ಟುಬಿಡುವ ಒಬ್ಬರಿದ್ದಾರೆ: ಆನಿ ಟರ್ನ್‌ಬೋ. ಮುಂದೆ ಆನಿ ಮಲೋನ್ ಎಂದು ಹೆಸರಾದವರು. ಕಪ್ಪು ಹೆಂಗಸರಿಗಾಗಿ ತಲೆಗೂದಲ ಔಷಧ ಮಾಡಿ ಮನೆ ಮನೆಗೆ ಮಾರಿಸುತ್ತಿದ್ದವರು. ಸಾರಾ ಮೊದಲು ಇವರ ಏಜೆಂಟ್ ಆಗಿದ್ದರು. ಅಂದರೆ ವ್ಯಾಪಾರದ ಮೊದಲ ಪಾಠ ಕಲಿತದ್ದು ಇನ್ನೊಬ್ಬರ ಕೈಕೆಳಗೆ. 1905ರಲ್ಲಿ ಡೆನ್ವರ್‌ಗೆ ಹೋದರು. 1906ರಲ್ಲಿ ಚಾರ್ಲ್ಸ್ ಜೋಸೆಫ್ ವಾಕರ್ ಎಂಬವರನ್ನು ಮದುವೆಯಾಗಿ, ಮೇಡಂ ಸಿ.ಜೆ. ವಾಕರ್ ಎಂಬ ಹೆಸರಿನಲ್ಲಿ ತಮ್ಮದೇ ಮುಲಾಮು ಮಾರತೊಡಗಿದರು. ಕಲಿತ ಕೆಲಸಗಾರ್ತಿ ಹೊರಗೆ ಹೋಗಿ ಸ್ವಂತ ಅಂಗಡಿ ಹಾಕುವುದು ನಮ್ಮ ಹಲಸೂರಿನಲ್ಲಿ ಹುಟ್ಟಿದ ಸಮಸ್ಯೆ ಅಲ್ಲ, ನೋಡಿ. ಮಲೋನ್ ಮತ್ತು ವಾಕರ್ ಕೊನೆಯವರೆಗೂ ಪೈಪೋಟಿಯಲ್ಲೇ ಇದ್ದರು.

ಮುಲಾಮಿನ ಗುಟ್ಟು ಕನಸಿನಲ್ಲಿ ಬಂತು, ಅದರ ಒಂದು ಮೂಲಿಕೆ ಆಫ್ರಿಕಾದ್ದು ಎಂದು ವಾಕರ್ ಹೇಳಿಕೊಂಡಿದ್ದರು. ಜಾಹೀರಾತಿಗೆ ಒಳ್ಳೆಯ ಕಥೆ. ಆದರೆ ಅದರಲ್ಲಿದ್ದ ಮುಖ್ಯ ವಸ್ತುಗಳು ವ್ಯಾಸಲೀನ್‌ನಂಥ ಪೆಟ್ರೋಲಿಯಂ ಜೆಲ್ಲಿ ಮತ್ತು ಗಂಧಕ. ಚರ್ಮರೋಗಕ್ಕೆ ಗಂಧಕ ಹಚ್ಚುವುದು ಬಹಳ ಹಳೆಯ ಪದ್ಧತಿ. ಅದು ಹೊಟ್ಟಿನ ಪದರವನ್ನು ಸಡಿಲಗೊಳಿಸುತ್ತದೆ, ಶಿಲೀಂಧ್ರವನ್ನು ಹತ್ತಿಕ್ಕುತ್ತದೆ. ಇದರ ಜೊತೆಗೆ ಆಗಾಗ ತಲೆ ತೊಳೆಯಿರಿ, ಬೆರಳಿನಿಂದ ಉಜ್ಜಿ ಎಂದು ವಾಕರ್ ಹೇಳುತ್ತಿದ್ದರು. ನೆತ್ತಿಯ ಸೋಂಕು ಇಳಿದರೆ ಕೂದಲು ಮತ್ತೆ ಬರುವುದರಲ್ಲಿ ಪವಾಡ ಇಲ್ಲ. ವಂಶದಿಂದ ಬಂದ ಬೋಳುತಲೆಗೆ ಈ ಮುಲಾಮು ಆಗಲೂ ಕೆಲಸ ಮಾಡುತ್ತಿರಲಿಲ್ಲ, ಈಗಲೂ ಮಾಡುವುದಿಲ್ಲ.

ಬಿಸಿ ಬಾಚಣಿಗೆ? ಯುರೋಪಿನಲ್ಲಿ ಕಬ್ಬಿಣದ ಉಪಕರಣ ಕಾಯಿಸಿ ಕೂದಲು ಒಪ್ಪ ಮಾಡುವುದು 19ನೇ ಶತಮಾನದಲ್ಲೇ ಇತ್ತು. ವಾಕರ್ ಪದ್ಧತಿಯಲ್ಲಿ ತೊಳೆದು, ಮುಲಾಮು ಹಚ್ಚಿ, ಎಣ್ಣೆ ಸವರಿದ ಮೇಲೆ ಅದು ಬರುತ್ತಿತ್ತು. ಬಳಸಿದ್ದು ಹೌದು, ಕಂಡುಹಿಡಿದದ್ದು ಅಲ್ಲ.

ಅವರ ನಿಜವಾದ ಜಾಣತನ ಇದ್ದದ್ದು ಜನರನ್ನು ತಯಾರು ಮಾಡುವುದರಲ್ಲಿ. 1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಗಳ ಹೆಸರಿನಲ್ಲಿ ಲೀಲಿಯಾ ಕಾಲೇಜು ತೆರೆದರು. ಬರಲಾಗದವರಿಗೆ ಅಂಚೆಯ ಮೂಲಕವೂ ಪಾಠ, ಶುಲ್ಕ 25 ಡಾಲರ್. 1910ರಲ್ಲಿ ಇಂಡಿಯಾನಾಪೊಲಿಸ್‌ಗೆ ಬಂದು ಕಾರ್ಖಾನೆ, ಸಲೂನ್, ತರಬೇತಿ ಶಾಲೆ ಮಾಡಿದರು. ಕಲಿತು ಮುಗಿಸಿದವರನ್ನು ಕುರ್ಚಿಗೆ ಕಟ್ಟಿಹಾಕಲಿಲ್ಲ. ಅವರು ತಮ್ಮ ಊರಿಗೆ ಹೋಗಿ ಸ್ವಂತ ಕೆಲಸ ಶುರು ಮಾಡಬಹುದಿತ್ತು, ಆದರೆ ಮುಲಾಮು, ಎಣ್ಣೆ ಎಲ್ಲ ವಾಕರ್ ಕಂಪನಿಯಿಂದಲೇ ಹೋಗಬೇಕಿತ್ತು. ಹಾಗಾಗಿ ಹೊರಗೆ ಹೋದ ಪ್ರತಿಯೊಬ್ಬ ಕೆಲಸಗಾರ್ತಿಯೂ ಕಂಪನಿಗೆ ಒಂದು ಹೊಸ ಶಾಖೆಯಂತಾದಳು. ಎರಡು ವರ್ಷ ಬಿಡುವಂತಿಲ್ಲ ಎಂದು ಬಾಂಡ್ ಬರೆಸಿಕೊಳ್ಳುವವರು ಇದನ್ನು ಒಮ್ಮೆ ಯೋಚಿಸಬೇಕು. ಕೇವಲ ಕತ್ತರಿ ಕೆಲಸದ ಅಂಗಡಿಗೆ ಇದೇ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಆದಾಯ ಇರುವುದು ಕುರ್ಚಿಯಲ್ಲೇ, ಅದೂ ನಿಜ.

ಇಲ್ಲಿ ಒಂದು ಎಚ್ಚರಿಕೆ. ಹಣ ಕಟ್ಟಿ ಏಜೆಂಟ್ ಆಗಿ, ಇನ್ನಷ್ಟು ಜನರನ್ನು ಸೇರಿಸಿ ಎನ್ನುವ ಸಂದೇಶಗಳು ವಾಕರ್ ಹೆಸರನ್ನು ಬಳಸಿಕೊಂಡರೆ ನಂಬಬೇಡಿ. ಜನರನ್ನು ಸೇರಿಸಿದವರಿಗೆ ಅವರೂ ಬಹುಮಾನ ಕೊಟ್ಟಿದ್ದರು, ಆ ಮಟ್ಟಿಗೆ ಹೋಲಿಕೆ ಇದೆ. ಆದರೆ ಅವರ ಏಜೆಂಟರ ಕೈಯಲ್ಲಿ ಒಂದು ಕಸುಬು ಇತ್ತು. ಯಾರೂ ಹೊಸದಾಗಿ ಸೇರದಿದ್ದರೂ ತಲೆ ತೊಳೆದು, ಕೂದಲು ಬಾಚಿ ಅನ್ನ ಸಂಪಾದಿಸಬಹುದಿತ್ತು.

ದೊಡ್ಡ ಕೆಲಸಕ್ಕೆ ತಕ್ಕ ಜನರನ್ನು ಆರಿಸುವುದೂ ಅವರಿಗೆ ಗೊತ್ತಿತ್ತು. ಲೆಕ್ಕಪತ್ರ, ಕಾನೂನು, ಆಡಳಿತ ಫ್ರೀಮನ್ ರ‍್ಯಾನ್ಸಮ್ ಎಂಬ ವಕೀಲರ ಕೈಯಲ್ಲಿ. ಕಾರ್ಖಾನೆ ಆಲಿಸ್ ಕೆಲ್ಲಿ ಎಂಬ ಶಿಕ್ಷಕಿಯ ಉಸ್ತುವಾರಿಯಲ್ಲಿ. ತಮಗೆ ಶಾಲೆಯ ಓದು ಹೆಚ್ಚಿಲ್ಲದ್ದನ್ನು ವಾಕರ್ ಮುಚ್ಚಿಡಲಿಲ್ಲ, ಕೆಲ್ಲಿಯವರಿಂದಲೇ ಪಾಠ ಹೇಳಿಸಿಕೊಂಡರು. ಗಂಡನ ಜೊತೆ ಮಾತ್ರ ಹೊಂದಾಣಿಕೆ ಆಗಲಿಲ್ಲ, 1912ರ ಹೊತ್ತಿಗೆ ಬೇರೆಯಾದರು.

1917ರಲ್ಲಿ ಫಿಲಡೆಲ್ಫಿಯಾದಲ್ಲಿ ತಮ್ಮ ಏಜೆಂಟರ ಮೊದಲ ರಾಷ್ಟ್ರೀಯ ಸಮಾವೇಶ ನಡೆಸಿದರು. 200ಕ್ಕೂ ಹೆಚ್ಚು ಹೆಂಗಸರು ಬಂದರು. ಹೆಚ್ಚು ಮಾರಿದವರಿಗೆ ಬಹುಮಾನ ಇದ್ದೇ ಇತ್ತು. ಊರಿನ ಒಳಿತಿಗೆ ಹೆಚ್ಚು ದಾನ ಮಾಡಿದವರಿಗೂ ಬಹುಮಾನ ಕೊಟ್ಟದ್ದು ವಿಶೇಷ. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುತ್ತಿದ್ದ ದಿನಗಳವು. ಅದರ ವಿರುದ್ಧ ಅಧ್ಯಕ್ಷ ವಿಲ್ಸನ್ ಅವರಿಗೆ ತಂತಿ ಕಳಿಸಿದ್ದು ಇದೇ ಸಮಾವೇಶ. ಸಲೂನ್ ಕೆಲಸಗಾರ್ತಿಯರು ಹೀಗೆ ಒಟ್ಟಾಗಿ ದೇಶದ ಅಧ್ಯಕ್ಷರನ್ನು ಕೇಳಿದ್ದು, ನನ್ನ ಮಟ್ಟಿಗೆ, ಯಾವ ಬಂಗಲೆಗಿಂತ ದೊಡ್ಡದು.

ತರಬೇತಿ ಎಂದರೆ ಬರೀ ಸ್ಟೈಲ್ ಅಲ್ಲ ಎನ್ನುವುದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. ಕೆ.ಆರ್. ಪುರದ ಕಡೆ ಬೋರ್‌ವೆಲ್, ಟ್ಯಾಂಕರ್ ನೀರಿನಿಂದಲೇ ಕೂದಲು ಬುಡಸಮೇತ ಉದುರುತ್ತದೆ ಎನ್ನುವವರು ಬಹಳ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ತುಂಡಾಗಬಹುದು. ಬುಡದಿಂದ ಉದುರಿದರೆ ರಕ್ತಹೀನತೆ, ಥೈರಾಯ್ಡ್, ಹೆರಿಗೆ, ಜೋರು ಜ್ವರ, ವಂಶ ಇವನ್ನು ನೋಡಬೇಕು. ನೆತ್ತಿಯಲ್ಲಿ ದುಂಡಗೆ ಬೋಳಾದ ಜಾಗ ಕಂಡರೆ ಸ್ಪಾ ಮಾರದೆ ಚರ್ಮದ ಡಾಕ್ಟರ ಬಳಿ ಕಳಿಸುವ ಹುಡುಗಿಯೇ ತರಬೇತಿ ಪಡೆದವಳು. ಕೂದಲು ನೇರ ಮಾಡುವ ಕೆಲವು ಕ್ರೀಮುಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಅದು ಕ್ಯಾನ್ಸರ್‌ಕಾರಕ. ಗಿರಾಕಿ ಅದನ್ನು ಒಂದು ದಿನ ಉಸಿರಾಡಿದರೆ ಕೆಲಸದವರು ದಿನವೂ ಉಸಿರಾಡುತ್ತಾರೆ. ಕಿಟಕಿಯೇ ಇಲ್ಲದ ಎಸಿ ಕೋಣೆಯಲ್ಲಂತೂ ಕೇಳುವುದೇ ಬೇಡ.

ಇನ್ನು ಕೋಟಿಯ ಲೆಕ್ಕ. ಸ್ವಂತ ದುಡಿಮೆಯಿಂದ ಮಿಲಿಯಾಧಿಪತಿಯಾದ ಅಮೆರಿಕದ ಮೊದಲ ಮಹಿಳೆ ಎಂದು ಗಿನ್ನೆಸ್ ದಾಖಲೆಯೇ ಹೇಳುತ್ತದೆ. ಆದರೆ ವಾಕರ್ ತಾವಿನ್ನೂ ಮಿಲಿಯಾಧಿಪತಿ ಅಲ್ಲ ಎಂದೇ 1917ರಲ್ಲಿ ಪತ್ರಿಕೆಗೆ ತಿಳಿಸಿದ್ದರು. ತೀರಿಕೊಂಡಾಗ ಅವರ ಆಸ್ತಿಯ ಮೌಲ್ಯ ಸುಮಾರು 6 ಲಕ್ಷ ಡಾಲರ್ ಎಂದು ಅಂದಾಜು. ಆ ಕಾಲಕ್ಕೆ ಅದು ಸಣ್ಣ ಮೊತ್ತವೇನಲ್ಲ.

ಅಧಿಕ ರಕ್ತದೊತ್ತಡದಿಂದ ಮೂತ್ರಪಿಂಡ ಕೆಟ್ಟು 1919ರ ಮೇ 25ರಂದು, 51ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮುಂದಿನ ಲಾಭದ ಮೂರನೇ ಎರಡು ಭಾಗ ದಾನಕ್ಕೆ ಹೋಗಬೇಕು ಎಂದು ಉಯಿಲಿನಲ್ಲಿ ಬರೆದಿದ್ದರು. 1927ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಅವರ ಕಂಪನಿಗೆ ಎದ್ದ ದೊಡ್ಡ ಕಟ್ಟಡದಲ್ಲಿ ಕಾರ್ಖಾನೆ, ನಾಟಕಶಾಲೆಗಳ ಜೊತೆಗೆ ಸೌಂದರ್ಯ ತರಬೇತಿ ಶಾಲೆಯೂ ಇತ್ತು. ಆ ಕಟ್ಟಡ ಇವತ್ತಿಗೂ ನಿಂತಿದೆ.