ಫೇಲಾಗಿ ವಿಶಾಖಪಟ್ಟಣಕ್ಕೆ ಓಡಿಹೋಗಿದ್ದ ರಾಮಾನುಜನ್‌ಗೆ ಪದವಿ ತಂದುಕೊಟ್ಟಿದ್ದು ಭಾಜಕಗಳ ಲೆಕ್ಕ!

1905ರ ಸೆಪ್ಟೆಂಬರ್ 2ರಂದು ಮದ್ರಾಸಿನ 'ದಿ ಹಿಂದೂ' ಪತ್ರಿಕೆಯಲ್ಲಿ ಕಾಣೆಯಾದ ಹುಡುಗನೊಬ್ಬನ ಬಗ್ಗೆ ಪುಟ್ಟ ಪ್ರಕಟಣೆ ಬಂದಿತ್ತು. ಹುಡುಗನಿಗೆ 17 ವರ್ಷ, ಊರು ಕುಂಭಕೋಣಂ. ಹೆಸರು ಶ್ರೀನಿವಾಸ ರಾಮಾನುಜನ್.

ಹುಡುಗ ಆಗ ವಿಶಾಖಪಟ್ಟಣದಲ್ಲಿದ್ದ. ಊರಿನಿಂದ ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ. ಮದ್ರಾಸಿನಿಂದ ಹೊರಟ ರೈಲು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಕೃಷ್ಣಾ ನದಿ ದಾಟಿ ಅಲ್ಲಿಗೆ ಹೋಗುತ್ತಿತ್ತು.

ಮನೆ ಬಿಡಲು ಮುಖ್ಯ ಕಾರಣ ಕಾಲೇಜು. ಗಣಿತದಲ್ಲಿನ ಜಾಣತನಕ್ಕೆ ಕುಂಭಕೋಣಂ ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಸಿಕ್ಕಿತ್ತು. ಆದರೆ ಬೇರೆ ವಿಷಯಗಳತ್ತ ಗಮನವೇ ಇರಲಿಲ್ಲ. ಇಂಗ್ಲಿಷ್ ಪ್ರಬಂಧದಲ್ಲಿ ಫೇಲಾದಾಗ ವಿದ್ಯಾರ್ಥಿವೇತನ ಕೈತಪ್ಪಿತು. ಅಪ್ಪ ಸೀರೆ ಅಂಗಡಿಯ ಗುಮಾಸ್ತ. ಶುಲ್ಕ ಕಟ್ಟುವುದು ಆ ಮನೆಗೆ ಸುಲಭವಾಗಿರಲಿಲ್ಲ.

ಸುಮಾರು ಒಂದು ತಿಂಗಳ ನಂತರ ಹುಡುಗ ಮನೆಗೆ ಮರಳಿದ. ಮುಂದೆ ಮದ್ರಾಸಿನ ಪಚೈಯಪ್ಪ ಕಾಲೇಜಿಗೆ ಸೇರಿದರೂ ಎಫ್‌ಎ ಪರೀಕ್ಷೆ ಪಾಸಾಗಲಿಲ್ಲ. ಡಿಗ್ರಿ ಇಲ್ಲ, ಕೆಲಸ ಇಲ್ಲ, 1909ರಲ್ಲಿ ಮದುವೆ ಬೇರೆ. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಿಕೆ ಸಿಕ್ಕಿತು. 1913ರ ಜನವರಿಯಲ್ಲಿ ಕೇಂಬ್ರಿಡ್ಜ್‌ನ ಜಿ.ಎಚ್. ಹಾರ್ಡಿ ಅವರಿಗೆ ಪತ್ರ ಬರೆದದ್ದು, ಮರುವರ್ಷ ಹಡಗು ಹತ್ತಿದ್ದು ಎಲ್ಲರಿಗೂ ಗೊತ್ತಿರುವ ಕಥೆ.

ರಾಮಾನುಜನ್ ಎಂದರೆ ಟ್ಯಾಕ್ಸಿ ನಂಬರ್ 1729 ಎನ್ನುವವರೇ ಹೆಚ್ಚು. ಆದರೆ ಅವರಿಗೆ ಪದವಿ ಕೊಡಿಸಿದ್ದು ಬೇರೆಯೇ ಲೆಕ್ಕ. 12 ಅನ್ನು ನೋಡಿ. 1, 2, 3, 4, 6, 12 ಹೀಗೆ ಆರು ಭಾಜಕಗಳು. 12ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಷ್ಟು ಭಾಜಕಗಳಿಲ್ಲ. 24ಕ್ಕೆ ಎಂಟು, 36ಕ್ಕೆ ಒಂಬತ್ತು, 48ಕ್ಕೆ ಹತ್ತು, 60ಕ್ಕೆ ಹನ್ನೆರಡು. ಹೀಗೆ ತನಗಿಂತ ಚಿಕ್ಕವರನ್ನೆಲ್ಲ ಹಿಂದಿಕ್ಕುವ ಸಂಖ್ಯೆಗಳಿಗೆ ರಾಮಾನುಜನ್ 'ಹೈಲಿ ಕಾಂಪೊಸಿಟ್' ಎಂದು ಹೆಸರಿಟ್ಟರು. ಡಜನ್ ಲೆಕ್ಕದಲ್ಲಿ ಹಣ್ಣು ಕೊಳ್ಳುವಾಗ, ಗಂಟೆಯನ್ನು 60 ನಿಮಿಷವಾಗಿ ಹಂಚುವಾಗ ನಾವು ಬಳಸುವುದೂ ಇವನ್ನೇ.

ಈ ಸಂಖ್ಯೆಗಳ ಒಳಗಿನ ರಚನೆಯನ್ನೂ ಅವರು ಬಿಡಿಸಿಟ್ಟರು. ಅವಿಭಾಜ್ಯ ಸಂಖ್ಯೆಗಳಾಗಿ ಒಡೆದರೆ 2ರ ಘಾತ ಎಲ್ಲಕ್ಕಿಂತ ಕಡಿಮೆ ಇರುವುದಿಲ್ಲ, ಮುಂದೆ ಹೋದಂತೆ ಘಾತ ಏರುವುದಿಲ್ಲ. ಕೊನೆಯ ಅವಿಭಾಜ್ಯದ ಘಾತ ಯಾವಾಗಲೂ 1. ಇದಕ್ಕೆ ಅಪವಾದ ಎರಡೇ: 4 ಮತ್ತು 36.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅವರು ಮಾಡಿದ ಪಟ್ಟಿಯಲ್ಲಿ 102 ಸಂಖ್ಯೆಗಳಿವೆ. ಕೊನೆಯದು 6746328388800, ಅದಕ್ಕೆ 10080 ಭಾಜಕಗಳು. ನಡುವೆ ತಪ್ಪಿಹೋಗಿದ್ದು ಒಂದೇ ಒಂದು, 293318625600. ಅದರ ಭಾಜಕಗಳ ಸಂಖ್ಯೆ 5040. ತಮಾಷೆಯೆಂದರೆ 5040 ಕೂಡ ಅದೇ ಪಟ್ಟಿಯ ಸದಸ್ಯ!

1915ರಲ್ಲಿ ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಇದನ್ನು ಪ್ರಕಟಿಸಿತು. ಮೊದಲ ಮಹಾಯುದ್ಧದ ದಿನಗಳು, ಸೊಸೈಟಿಯ ಬಳಿ ಹಣವಿರಲಿಲ್ಲ. ಹಾಗಾಗಿ ಒಂದು ಭಾಗ ಅಚ್ಚಾಗಲೇ ಇಲ್ಲ. ಅದು ಓದುಗರ ಕೈಸೇರಿದ್ದು 1997ರಲ್ಲಿ. ಈ ಪ್ರಬಂಧಕ್ಕೇ 1916ರಲ್ಲಿ ಕೇಂಬ್ರಿಡ್ಜ್ ಬಿಎ ಪದವಿ ನೀಡಿತು. ಎಫ್‌ಎ ಫೇಲಾದವರಿಗೆ ಸಿಕ್ಕ ಪದವಿ ಅದೊಂದೇ. 1917ರಲ್ಲಿ ಹಾರ್ಡಿ ಜೊತೆಗೂಡಿ ಇನ್ನೊಂದು ಪ್ರಶ್ನೆ ಎತ್ತಿಕೊಂಡರು: ಸಾಧಾರಣ ಸಂಖ್ಯೆಯೊಂದಕ್ಕೆ ಎಷ್ಟು ಅವಿಭಾಜ್ಯ ಅಪವರ್ತನಗಳಿರುತ್ತವೆ? ಉತ್ತರ ಅಚ್ಚರಿಯದು, ತೀರಾ ಕಡಿಮೆ. ಕೋಟಿಯ ಆಸುಪಾಸಿನಲ್ಲೂ ಸುಮಾರು ಮೂರು.

1919ರಲ್ಲಿ ಅನಾರೋಗ್ಯದೊಂದಿಗೆ ಮರಳಿದ ರಾಮಾನುಜನ್, 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ತೀರಿಕೊಂಡರು. ವಯಸ್ಸು 32.

ಅವರು ಓಡಿಹೋಗಿದ್ದಾಗ ವಿಶಾಖಪಟ್ಟಣದಲ್ಲಿ ವಿಶ್ವವಿದ್ಯಾಲಯ ಇರಲಿಲ್ಲ. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಬೆಜವಾಡದಲ್ಲಿ ಶುರುವಾಗಿ, ನಂತರ ವಿಶಾಖಪಟ್ಟಣದ ವಾಲ್ಟೇರ್‌ಗೆ ಬಂತು. ಅಲ್ಲಿನ ಗಣಿತಜ್ಞ ಡಿ. ಸೂರ್ಯನಾರಾಯಣ ವಿಶೇಷ ಬಗೆಯ ಭಾಜಕಗಳ ಎಣಿಕೆಯಲ್ಲಿ ಹೆಸರು ಮಾಡಿದರು. 12ರಲ್ಲಿ 3 ಮತ್ತು 4ಕ್ಕೆ ಸಾಮಾನ್ಯ ಅಪವರ್ತನವಿಲ್ಲ, 2 ಮತ್ತು 6ಕ್ಕೆ ಇದೆ. ಮೊದಲ ಬಗೆಯ ಜೋಡಿಗಳನ್ನಷ್ಟೇ ಎಣಿಸಿದರೆ 1, 3, 4, 12 ಉಳಿಯುತ್ತವೆ. ಇವು ಯೂನಿಟರಿ ಭಾಜಕಗಳು. ಷರತ್ತು ಸ್ವಲ್ಪ ಸಡಿಲಿಸಿದರೆ ಬೈ-ಯೂನಿಟರಿ ಭಾಜಕಗಳು. ಅವುಗಳ ಎಣಿಕೆ ಕುರಿತ ಸೂರ್ಯನಾರಾಯಣ ಅವರ ಪ್ರಬಂಧ ಪ್ರಕಟವಾಗಿದ್ದು 1972ರಲ್ಲಿ.