ಹಿಸಾಬ್ ಬರೆದ ವಿಜ್ಞಾನಿ ಡಾಪ್ಲರ್

ಅಬ್ಬಾರ ಅಂಗಡಿಯ ಹಿಸಾಬ್ ಬರೆಯುವುದು ನಾನೇ. ಕೂಡುವುದು, ಕಳೆಯುವುದು ಬರುತ್ತದೆ. ಆದರೂ ಬೇಸಿಕ್ ಮ್ಯಾಥ್ಸ್ ಎಂದರೆ ಭಯ. ಆ ವಿಷಯ ಬದಲಿಸಿಕೊಡಿ ಎಂದು ಅರ್ಜಿಯನ್ನೂ ಬರೆದಿಟ್ಟಿದ್ದೆ. ಆಗ ಆಪಾಳ ಫಿಸಿಕ್ಸ್ ಪುಸ್ತಕದಲ್ಲಿ ಡಾಪ್ಲರ್ ಎಂಬ ಹೆಸರು ಕಂಡು, ಅವರ ಜೀವನವನ್ನು ಹುಡುಕಿ ಓದಿದೆ. ಅವರೂ ಲೆಕ್ಕ ಬರೆಯುವ ಕೆಲಸ ಮಾಡಿದ್ದರು!

ಕ್ರಿಶ್ಚಿಯನ್ ಡಾಪ್ಲರ್ ಅವರು 1803ರ ನವೆಂಬರ್ 29ರಂದು ಈಗಿನ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಜನಿಸಿದರು. ಮನೆತನದ ಉದ್ಯೋಗ ಕಲ್ಲುಕೆಲಸ. ಇವರ ದೇಹ ಬಲಹೀನವಾಗಿದ್ದರಿಂದ ಅದು ಆಗಲಿಲ್ಲ. ವಿಯೆನ್ನಾದಲ್ಲಿ ಗಣಿತ ಓದಿದರೂ ಕಾಯಂ ಕೆಲಸ ಸಿಗಲಿಲ್ಲ. ಹತ್ತಿ ನೂಲುವ ಗಿರಣಿಯೊಂದರಲ್ಲಿ ಲೆಕ್ಕ ಬರೆದರು. ಬೇಸತ್ತು ಅಮೆರಿಕಕ್ಕೆ ಹೊರಡಲು ಸಿದ್ಧರಾಗಿದ್ದಾಗ, 1835ರಲ್ಲಿ ಪ್ರಾಗ್ ನಗರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಮುಂದೆ ಅಲ್ಲಿಯೇ ಪ್ರೊಫೆಸರ್ ಆದರು.

1842ರ ಮೇ 25ರಂದು ಪ್ರಾಗ್‌ನಲ್ಲಿ ಅವರು ಒಂದು ಪ್ರಬಂಧ ಓದಿದರು. ಅಲೆ ಹೊರಡಿಸುವ ವಸ್ತು ನಮ್ಮತ್ತ ಬಂದರೆ ಅಲೆಗಳು ಒತ್ತೊತ್ತಾಗಿ ತಲುಪುತ್ತವೆ, ದೂರ ಹೋದರೆ ಅಂತರ ಹೆಚ್ಚುತ್ತದೆ ಎಂಬುದು ಅದರ ತಿರುಳು. ನಕ್ಷತ್ರಗಳ ಬಣ್ಣಕ್ಕೆ ಇದೇ ಕಾರಣ ಎಂದು ಅವರು ಹೇಳಿದ್ದು ತಪ್ಪಾಗಿತ್ತು, ಆದರೆ ತತ್ವ ಸರಿಯಾಗಿತ್ತು. 1845ರಲ್ಲಿ ಹಾಲೆಂಡಿನ ವಿಜ್ಞಾನಿ ಬೈಸ್ ಬ್ಯಾಲಟ್ ರೈಲಿನಲ್ಲಿ ಕಹಳೆ ಊದಿಸಿ, ಶಬ್ದದಲ್ಲಿ ಅದನ್ನು ಪರೀಕ್ಷಿಸಿ ತೋರಿಸಿದರು. ಶ್ವಾಸಕೋಶದ ಕಾಯಿಲೆಯಿಂದ ಡಾಪ್ಲರ್ ಅವರು 1853ರ ಮಾರ್ಚ್ 17ರಂದು ವೆನಿಸ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 49 ವರ್ಷ.

ಅವರ ಕಾಲದಲ್ಲಿ ರೇಡಾರ್ ಇರಲಿಲ್ಲ. ಇಂದು ವಿಮಾನ ಮತ್ತು ಉಪಗ್ರಹಗಳ ರೇಡಾರ್ ರೇಡಿಯೋ ಅಲೆ ಕಳಿಸಿ, ಮರಳಿ ಬಂದ ಅಲೆಯ ಡಾಪ್ಲರ್ ವ್ಯತ್ಯಾಸವನ್ನು ಬಳಸಿ ನೆಲದ ಚಿತ್ರ ತಯಾರಿಸುತ್ತದೆ. ಕೆಳಗಿರುವುದೆಲ್ಲ ಅಲುಗದೆ ನಿಂತಿದೆ ಎಂದುಕೊಂಡು ಈ ಲೆಕ್ಕ ನಡೆಯುತ್ತದೆ. ಹಾಗಾಗಿ ಓಡುವ ರೈಲು ಚಿತ್ರದಲ್ಲಿ ಹಳಿ ಬಿಟ್ಟು ಪಕ್ಕದಲ್ಲಿ ಕಾಣುವುದುಂಟು. ಚಲಿಸುವ ಹಡಗು ಮಸುಕಾಗುವುದುಂಟು. ಆ ವಸ್ತುವಿನ ಚಲನೆ ಎಷ್ಟೆಂದು ಕಂಪ್ಯೂಟರ್ ಅಂದಾಜು ಮಾಡಿ, ಅದರಿಂದಾದ ವ್ಯತ್ಯಾಸವನ್ನು ಕಳೆದರೆ ಚಿತ್ರ ಸ್ಪಷ್ಟವಾಗುತ್ತದೆ. ಇದಕ್ಕೆ ಮೋಷನ್ ಕಾಂಪೆನ್ಸೇಶನ್ ಎನ್ನುತ್ತಾರೆ. ಕ್ಯಾಶ್ ಬುಕ್, ಪಾಸ್ ಬುಕ್ ತಾಳೆಯಾಗದಿದ್ದಾಗ ನಾವು ವ್ಯತ್ಯಾಸದ ಕಾರಣ ಹುಡುಕಿ ಸರಿಪಡಿಸುತ್ತೇವಲ್ಲ, ಹಾಗೆಯೇ.

ಗೆಳೆಯ ಗೆಳತಿಯರೇ, ಗಿರಣಿಯ ಲೆಕ್ಕದ ಪುಸ್ತಕದ ಮುಂದೆ ಕುಳಿತಿದ್ದಾಗ ಡಾಪ್ಲರ್ ಅವರಿಗೂ ತನ್ನ ಗಣಿತ ಮುಗಿಯಿತು ಅನ್ನಿಸಿರಬಹುದು. ಆದರೆ ಮುಗಿದಿರಲಿಲ್ಲ. ನಾನು ಆ ಅರ್ಜಿ ಕೊಡಲಿಲ್ಲ. ಮೊದಲ ಟೆಸ್ಟಿನಲ್ಲಿ ಹೇಗೋ ಪಾಸಾಗಿದ್ದೇನೆ. ಎರಡನೆಯದಕ್ಕೆ ಓದುತ್ತಿದ್ದೇನೆ.