ಇಕ್ಕೇರಿಯ ವೆಂಕಟಪ್ಪನಾಯಕ: ತುಳುನಾಡಿನ ದಂಡಯಾತ್ರೆಗಳ ಉದ್ದೇಶ ಮತ್ತು ತಂತ್ರ

ಹದಿನೇಳನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಕರಾವಳಿ ಕರ್ನಾಟಕದ ರಾಜಕೀಯ ಚಿತ್ರವನ್ನು ಬದಲಿಸಿದವರಲ್ಲಿ ಇಕ್ಕೇರಿಯ ಹಿರಿಯ ವೆಂಕಟಪ್ಪನಾಯಕನು ಅಗ್ರಗಣ್ಯನು. ಘಟ್ಟದ ಮೇಲಿನ ಈ ಅರಸನು ಘಟ್ಟವಿಳಿದು ತುಳುನಾಡಿನ ಮೇಲೆ ಏಕೆ ದಂಡೆತ್ತಿ ಬಂದನು ಎಂಬ ಪ್ರಶ್ನೆಗೆ ಚರಿತ್ರೆಯಲ್ಲಿ ಎರಡು ಸಿದ್ಧ ಉತ್ತರಗಳಿವೆ. 1894ರಲ್ಲಿ ಪ್ರಕಟವಾದ ಸ್ಟರಾಕ್‌ನ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯ ಮೂಲಕ ಪ್ರಚಾರ ಪಡೆದ ಉತ್ತರವು ಇದನ್ನು ಲಿಂಗಾಯತ ಅರಸನೊಬ್ಬ ಜೈನ ಪ್ರಭುಗಳ ವಿರುದ್ಧ ನಡೆಸಿದ ಮತೀಯ ಯುದ್ಧವೆಂದು ಚಿತ್ರಿಸುತ್ತದೆ. ಇತ್ತೀಚಿನ ಜನಪ್ರಿಯ ಬರಹಗಳ ಉತ್ತರವು ಉಳ್ಳಾಲದ ಅಬ್ಬಕ್ಕನ ಬೆಂಬಲಕ್ಕೆ ನಿಂತ ಪೋರ್ಚುಗೀಸ್ ವಿರೋಧಿ ವೀರನನ್ನು ಕಾಣುತ್ತದೆ. ಮೊದಲನೆಯದು ಅಬ್ಬಕ್ಕನೂ ಜೈನಳೇ ಎಂಬುದನ್ನು ಮರೆಯುತ್ತದೆ. ಎರಡನೆಯದು ಆಕೆ ಆ ಬೆಂಬಲಕ್ಕೆ ತೆತ್ತ ಬೆಲೆಯನ್ನು ಮರೆಯುತ್ತದೆ. ಇಂದಿನ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡಬಿದಿರೆ ಪ್ರದೇಶಗಳ ನೆಲೆಯಿಂದ ವೆಂಕಟಪ್ಪನಾಯಕನ ಬದುಕನ್ನು ನೋಡಿದಾಗ ಈ ಎರಡೂ ವಿವರಣೆಗಳು ಸಾಲದೆಂಬುದು ಸ್ಪಷ್ಟವಾಗುತ್ತದೆ.

ವಂಶ ಮತ್ತು ಹಕ್ಕಿನ ಹಿನ್ನೆಲೆ

ವೆಂಕಟಪ್ಪನಾಯಕನು ದೊಡ್ಡಸಂಕಣ್ಣನಾಯಕನ ಮಗ. ಚಿಕ್ಕಸಂಕಣ್ಣನಾಯಕ ಹಾಗೂ ರಾಮರಾಜನಾಯಕರ ತರುವಾಯ, ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಅವನು ಇಕ್ಕೇರಿಯ ಗದ್ದುಗೆಯೇರಿದನು. ಅವನ ಆಳ್ವಿಕೆಯ ಆರಂಭ ವರ್ಷದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ ಅದು 1629ರಲ್ಲಿ ಕೊನೆಗೊಂಡಿತೆಂಬುದರಲ್ಲಿ ಸಹಮತವಿದೆ.

ಅವನಿಗೆ ಪರಂಪರೆಯಿಂದ ಬಂದ ಆಸ್ತಿಯಲ್ಲಿ ಮಲೆನಾಡಿನ ಸೀಮೆಯೊಂದೇ ಇರಲಿಲ್ಲ. ಅವನ ಪೂರ್ವಿಕನಾದ ಸದಾಶಿವನಾಯಕನು ವಿಜಯನಗರದ ಅಳಿಯ ರಾಮರಾಯನ ವಿಶ್ವಾಸ ಗಳಿಸಿ ಬಾರಕೂರು ಮತ್ತು ಮಂಗಳೂರು ರಾಜ್ಯಗಳ ಆಡಳಿತವನ್ನು ಪಡೆದಿದ್ದನು. ಇಲ್ಲಿ 'ರಾಜ್ಯ' ಎಂದರೆ ಸಾಮ್ರಾಜ್ಯದ ಒಂದು ಪ್ರಾಂತ. ಆ ಪ್ರಾಂತಗಳ ಒಳಗೆ ಕಾರ್ಕಳದ ಭೈರರಸರು, ನಂದಾವರ-ಬಂಗಾಡಿಗಳ ಬಂಗರು, ಉಳ್ಳಾಲ-ಪುತ್ತಿಗೆಗಳ ಚೌಟರು, ವೇಣೂರಿನ ಅಜಿಲರು, ಮೂಲ್ಕಿಯ ಸಾವಂತರು ತಮ್ಮ ತಮ್ಮ ಸೀಮೆಗಳನ್ನು ಅಳಿಯಸಂತಾನದ ಕ್ರಮದಲ್ಲಿ ಆಳುತ್ತಿದ್ದರು. 1565ರ ರಕ್ಕಸಗಿ-ತಂಗಡಗಿ ಕದನದ ನಂತರ ವಿಜಯನಗರದ ಹಿಡಿತ ಸಡಿಲವಾಯಿತು. ಮೇಲಿನ ಪ್ರಭುತ್ವವೇ ಕುಸಿದ ಮೇಲೆ ಕಪ್ಪವನ್ನು ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಹುಟ್ಟಿತು. ಇಕ್ಕೇರಿಯ ದೃಷ್ಟಿಯಲ್ಲಿ ತುಳುನಾಡು ತನಗೆ ವಹಿಸಿಕೊಟ್ಟ ಪ್ರಾಂತ. ತುಳು ಅರಸುಮನೆಗಳ ದೃಷ್ಟಿಯಲ್ಲಾದರೋ ಇಕ್ಕೇರಿ ತಮ್ಮಂತೆಯೇ ಸಾಮಂತವಾಗಿದ್ದ ನೆರೆಯ ರಾಜ್ಯ. ಒಂದೇ ದಂಡಯಾತ್ರೆಯು ಒಂದು ಕಡೆಯಿಂದ ಹಕ್ಕಿನ ವಸೂಲಿಯಾಗಿಯೂ ಇನ್ನೊಂದು ಕಡೆಯಿಂದ ಪರರಾಜ್ಯದ ಆಕ್ರಮಣವಾಗಿಯೂ ಕಂಡುದಕ್ಕೆ ಇದೇ ಮೂಲ.

ಬಸವಪ್ಪನಾಯಕನ 'ಶಿವತತ್ತ್ವರತ್ನಾಕರ' ಹಾಗೂ ಲಿಂಗಣ್ಣನ 'ಕೆಳದಿನೃಪವಿಜಯ' ಕೆಳದಿಯ ಆಸ್ಥಾನದ ದೃಷ್ಟಿಯನ್ನು ಪ್ರತಿನಿಧಿಸುವ ಕೃತಿಗಳು. 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯೊಂದಿಗೆ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯಟ್ರೊ ಡೆಲ್ಲಾ ವಲ್ಲೆಯು ಹೊರಗಿನವನಾದುದರಿಂದ ಈ ಹಕ್ಕಿನ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕಂಡನು. ವೆಂಕಟಪ್ಪನಾಯಕನ ಮನೆತನವು ವಿಜಯನಗರದ ಸೇವೆಯಲ್ಲಿದ್ದು, ಆ ಸಾಮ್ರಾಜ್ಯ ಕುಸಿದ ಮೇಲೆ ಸ್ವತಂತ್ರವಾದುದನ್ನು ಅವನು ತನ್ನ ಪತ್ರಗಳಲ್ಲಿ ದಾಖಲಿಸಿದ್ದಾನೆ.

ಗೇರುಸೊಪ್ಪೆಯ ಪಾಠ

ಅವನ ಕರಾವಳಿ ನೀತಿಯ ಸ್ವರೂಪವು ಮೊದಲು ಸ್ಪಷ್ಟವಾಗಿ ಕಾಣುವುದು ಗೇರುಸೊಪ್ಪೆಯಲ್ಲಿ. ಪೋರ್ಚುಗೀಸರಿಂದ ಮೆಣಸಿನ ರಾಣಿಯೆಂದು ಹೆಸರಾದ ಚೆನ್ನಭೈರಾದೇವಿಯ ರಾಜ್ಯವು 1606ರ ಸುಮಾರಿಗೆ ಇಕ್ಕೇರಿಯ ವಶವಾಯಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಗೇರುಸೊಪ್ಪೆಯು ಶರಾವತಿಯ ಮುಖಜಭೂಮಿಯಲ್ಲಿರದೆ ನದಿಯಲ್ಲಿ ಒಳಗೆ, ಘಟ್ಟದ ಬುಡದಲ್ಲಿದೆ. ನದೀಮುಖದಲ್ಲಿದ್ದ ಹೊನ್ನಾವರದಲ್ಲಿ ಪೋರ್ಚುಗೀಸರ ಕೋಟೆಯಿತ್ತು. ವೆಂಕಟಪ್ಪನಾಯಕನು ಗೇರುಸೊಪ್ಪೆಯನ್ನು ತೆಗೆದುಕೊಂಡನು, ಆದರೆ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈಯಲ್ಲಿಯೇ ಉಳಿಯಿತು. ಮೆಣಸು ಘಟ್ಟದಿಂದ ಇಳಿದು ದೋಣಿಯೇರುವ ಸ್ಥಳ ಅವನದಾದ ಮೇಲೆ ಕೋಟೆಯಲ್ಲಿದ್ದವರು ಅವನಿಂದಲೇ ಮೆಣಸು ಕೊಳ್ಳಬೇಕಾಯಿತು.

ಪೋರ್ಚುಗೀಸರು 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದ್ದರು. ಮರುವರ್ಷ ಹೊನ್ನಾವರ ಮತ್ತು ಬಸರೂರುಗಳಲ್ಲಿಯೂ ನೆಲೆಯೂರಿದ್ದರು. ಈ ಮೂರೂ ನದೀಮುಖಗಳ ಕಾವಲು ನೆಲೆಗಳು. ಅವುಗಳ ಜೀವವಿದ್ದುದು ಒಳನಾಡಿನಿಂದ ಬರುವ ಮೆಣಸು ಮತ್ತು ಅಕ್ಕಿಯಲ್ಲಿ. ಗೋವೆಯ ಅನ್ನವೂ ಬಹುಪಾಲು ಕರಾವಳಿ ಕನ್ನಡ ನಾಡಿನ ಅಕ್ಕಿಯನ್ನೇ ನೆಚ್ಚಿತ್ತು. ಸಮುದ್ರದಲ್ಲಿ ಅವರ ನೌಕಾಬಲವನ್ನು ಎದುರಿಸುವ ಶಕ್ತಿ ಮಲೆನಾಡಿನ ಅರಸನಿಗಿರಲಿಲ್ಲ. ಆ ಕೊರತೆಯನ್ನು ತುಂಬಲು ಅವನು ಹಡಗುಗಳ ಹಿಂದೆ ಹೋಗದೆ ನದಿಗಳ ಮೇಲ್ಭಾಗವನ್ನು ಹಿಡಿದನು.

ಬಂಗ-ಚೌಟ ಕಲಹ ಮತ್ತು 1618ರ ದಂಡಯಾತ್ರೆ

ಇದೇ ಕ್ರಮವು ನೇತ್ರಾವತಿಯಲ್ಲಿ ಮರುಕಳಿಸಿತು. ನದೀಮುಖದ ದಕ್ಷಿಣಕ್ಕೆ ಚೌಟರ ಉಳ್ಳಾಲ, ಉತ್ತರಕ್ಕೆ ಪೋರ್ಚುಗೀಸರ ಕೋಟೆಯಿದ್ದ ಮಂಗಳೂರು. ನದಿಯ ಮೇಲ್ಭಾಗದಲ್ಲಿ ಇಂದಿನ ಬಂಟ್ವಾಳ ತಾಲೂಕಿನ ನಂದಾವರ, ಇನ್ನೂ ಮೇಲಕ್ಕೆ ಘಟ್ಟದ ಬುಡದಲ್ಲಿ ಇಂದಿನ ಬೆಳ್ತಂಗಡಿ ತಾಲೂಕಿನ ಬಂಗಾಡಿ. ಇವೆರಡೂ ಬಂಗರ ನೆಲೆಗಳು. ಘಟ್ಟದ ದಾರಿಯಿಂದ ಕಡಲಿನವರೆಗಿನ ಸರಕಿನ ಹಾದಿಯಲ್ಲಿ ಬಂಗನ ಪಾತ್ರ ಎಷ್ಟು ಮುಖ್ಯವಾಗಿತ್ತೆಂಬುದನ್ನು ಈ ಭೌಗೋಳಿಕ ಚಿತ್ರವೇ ತಿಳಿಸುತ್ತದೆ.

ಉಳ್ಳಾಲದ ರಾಣಿ ಅಬ್ಬಕ್ಕ ಮತ್ತು ಬಂಗರಾಜ ಪತಿಪತ್ನಿಯರಾಗಿದ್ದರು. ಅಳಿಯಸಂತಾನದ ಕ್ರಮದಲ್ಲಿ ಅರಸುಮನೆಗಳ ವಿವಾಹವು ರಾಜ್ಯಗಳನ್ನು ಒಂದುಗೂಡಿಸುತ್ತಿರಲಿಲ್ಲ. ಹೆಂಡತಿಯ ಸೀಮೆ ಹೆಂಡತಿಯದೇ, ಗಂಡನ ಸೀಮೆ ಗಂಡನದೇ. ಸಂಬಂಧ ಮುರಿದಾಗ ರಾಣಿಯು ಬಂಗನು ಕೊಟ್ಟ ಒಡವೆಗಳನ್ನು ಹಿಂದಿರುಗಿಸಿದಳೆಂದು ಡೆಲ್ಲಾ ವಲ್ಲೆ ಹೇಳುತ್ತಾನೆ. ಅವನ ಪ್ರಕಾರ, ರಾಣಿಯು ನದಿಯಲ್ಲಿ ದೋಣಿಯೇರಿ ಹೋಗುತ್ತಿದ್ದಾಗ ಬಂಗನ ಕಡೆಯವರು ಅವಳನ್ನು ಸೆರೆಹಿಡಿದರು. ಆಕೆ ಅವರಿಂದ ಬಿಡಿಸಿಕೊಂಡು ಬಂದು ವೆಂಕಟಪ್ಪನಾಯಕನ ನೆರವನ್ನು ಬೇಡಿದಳು. ಬಂಗನು ಪೋರ್ಚುಗೀಸರನ್ನು ಆಶ್ರಯಿಸಿದನು. ಹೀಗೆ ಒಂದು ಮನೆತನದ ಜಗಳವು ಎರಡು ದೊಡ್ಡ ಶಕ್ತಿಗಳ ಮುಖಾಮುಖಿಗೆ ಎಡೆ ಮಾಡಿತು.

ಇಕ್ಕೇರಿಯ ಸೈನ್ಯವು ಎದುರಾಳಿಗಳ ನಿರೀಕ್ಷೆಗಿಂತ ಬೇಗ ಬಂದಿತು. 1618ರ ಹೊತ್ತಿಗೆ ಬಂಗನು ಸೋತು ರಾಜ್ಯ ಬಿಟ್ಟು ದಕ್ಷಿಣಕ್ಕೆ ಹೋದನು. ಅವನ ನೆರವಿಗೆ ಬಂದ ಪೋರ್ಚುಗೀಸ್ ಪಡೆಯೂ ಸೋಲನುಭವಿಸಿತು. ಮಂಗಳೂರಿನ ಬಳಿಯಿದ್ದ ಬಂಗನ ಕೋಟೆಯನ್ನು ಕೆಡವಲಾಯಿತು. ಆದರೆ ಗೆಲುವಿನ ಈ ಘಳಿಗೆಯಲ್ಲಿಯೂ ವೆಂಕಟಪ್ಪನಾಯಕನು ಮಂಗಳೂರಿನ ಪೋರ್ಚುಗೀಸ್ ಕೋಟೆಯನ್ನು ಕಿತ್ತುಹಾಕಲಿಲ್ಲ. ಅವನು ಪೋರ್ಚುಗೀಸರನ್ನು ಓಡಿಸಲೆಂದೇ ಬಂದಿದ್ದನು ಎಂಬ ವಾದಕ್ಕೆ ಈ ಸಂಗತಿಯೇ ದೊಡ್ಡ ತೊಡಕು. ಅವನಿಗೆ ಬೇಕಾಗಿದ್ದುದು ತನ್ನ ಮಾತಿಗೆ ಬಗ್ಗುವ ಒಬ್ಬ ಗಿರಾಕಿ. ಕೋಟೆಯ ಹಿಂದಿನ ನೆಲ ತನ್ನದಾದರೆ ಕೋಟೆಯೊಳಗಿನವನು ತಾನಾಗಿಯೇ ಬಗ್ಗುತ್ತಾನೆಂಬ ಲೆಕ್ಕ ಅವನದಾಗಿತ್ತೆಂದು ಊಹಿಸಬಹುದು.

ಈ ಲೆಕ್ಕ ಸರಿಯಾಗಿತ್ತೆಂಬುದನ್ನು 1623ರ ರಾಯಭಾರ ತೋರಿಸುತ್ತದೆ. ಹಿಂದಿನ ವರ್ಷವಷ್ಟೇ ಪೋರ್ಚುಗೀಸರು ಪರ್ಶಿಯನ್ನರು ಮತ್ತು ಇಂಗ್ಲಿಷರ ಕೂಡುದಾಳಿಯಲ್ಲಿ ಹೊರ್ಮುಜ್ ದ್ವೀಪವನ್ನು ಕಳೆದುಕೊಂಡಿದ್ದರು. ಡಚ್ಚರ ಕಾಟವೂ ಇತ್ತು. ಗೋವೆಯ ರಾಯಭಾರಿಯು, ಅಲ್ಲಿ ಇಕ್ಕೇರಿಯ ಪ್ರತಿನಿಧಿಯಾಗಿದ್ದ ವಿಠಲ ಶೆಣೈಯೊಡನೆ ಘಟ್ಟವೇರಿ ಬಂದು ಬಂಗನಿಗೆ ರಾಜ್ಯವನ್ನು ಮರಳಿ ಕೊಡುವಂತೆ ಕೇಳಿಕೊಂಡನು. ಮೆಣಸಿನ ವ್ಯಾಪಾರವೂ ಮಾತುಕತೆಯ ವಿಷಯವಾಗಿತ್ತು. ವೆಂಕಟಪ್ಪನಾಯಕನು ರಾಜ್ಯ ಕೊಡಲು ಒಪ್ಪಲಿಲ್ಲ. ಬಂಗನ ಜೀವನಕ್ಕೆ ವರ್ಷಕ್ಕೆ 7000 ವರಹಗಳನ್ನು ಕೊಡುವ ಮಾತಷ್ಟೇ ಚರ್ಚೆಯಲ್ಲಿ ಉಳಿಯಿತು. ಮೆಣಸು ಬೇಕಾಗಿದ್ದವರು ಮಿತ್ರನಿಗಾಗಿ ಹೆಚ್ಚು ಒತ್ತಾಯಿಸುವ ಸ್ಥಿತಿಯಲ್ಲಿರಲಿಲ್ಲ.

ನೆರವಿನ ಬೆಲೆ: ಮೂಡಬಿದಿರೆ

ಗೆದ್ದ ಪಕ್ಷದಲ್ಲಿದ್ದ ಅಬ್ಬಕ್ಕನ ಗತಿಯೇನಾಯಿತು ಎಂಬುದು ದಂಡಯಾತ್ರೆಯ ಉದ್ದೇಶವನ್ನು ತಿಳಿಯಲು ಹೆಚ್ಚು ನೆರವಾಗುವ ಪ್ರಶ್ನೆ. ಡೆಲ್ಲಾ ವಲ್ಲೆಯು ರಾಣಿಯನ್ನು ಮಂಗಳೂರಿನ ಬಳಿಯ ಮಣೇಲಿನಲ್ಲಿ ಕಂಡಾಗ ಆಕೆ ಬಯಲಿನಲ್ಲಿ ನಿಂತು ಕಾಲುವೆಯ ಕೆಲಸ ಮಾಡಿಸುತ್ತಿದ್ದಳು. ನೆರವಿಗೆ ಪ್ರತಿಯಾಗಿ ಆಕೆ ಇಕ್ಕೇರಿಗೆ ಕಪ್ಪ ಕೊಡಬೇಕಾಯಿತೆಂದೂ ತನ್ನ ಸೀಮೆಯ ಸಂಪದ್ಭರಿತ ಭಾಗವೊಂದನ್ನು ಬಿಟ್ಟುಕೊಡಬೇಕಾಯಿತೆಂದೂ ಅವನು ಬರೆಯುತ್ತಾನೆ. ಅವನು ಬಳಸುವ 'ಬೆರ್ದ್ರೆತೆ' ಎಂಬ ಸ್ಥಳನಾಮವನ್ನು ಬಿದಿರೆ ಎಂಬ ಹೆಸರಿನೊಂದಿಗೂ ಅದರ ತುಳು ರೂಪವಾದ ಬೆದ್ರದೊಂದಿಗೂ ಹೋಲಿಸಿದರೆ ಅದು ಮೂಡಬಿದಿರೆ ಸೀಮೆಯೇ ಇರಬೇಕೆಂದು ತೋರುತ್ತದೆ. ವರ್ತಕರ ಸಂಪತ್ತಿನಿಂದ ಬೆಳೆದ ಆ ಪೇಟೆಯು ಚೌಟರ ಸೀಮೆಯಲ್ಲಿ ಶ್ರೀಮಂತವಾದುದೆಂಬ ಮಾತೂ ಇದಕ್ಕೆ ಹೊಂದುತ್ತದೆ.

ಈ ಒಂದೇ ದಂಡಯಾತ್ರೆಯಿಂದ ಇಕ್ಕೇರಿಗೆ ಶತ್ರುವಿನ ನಂದಾವರದ ಮೇಲೆ ಹಿಡಿತ ಸಿಕ್ಕಿತು, ಮಿತ್ರಳ ಮೂಡಬಿದಿರೆಯ ಆದಾಯವೂ ಸಿಕ್ಕಿತು. ಯುದ್ಧದಲ್ಲಿ ಎದುರು ಬದುರಾಗಿದ್ದ ಎರಡು ತುಳು ಅರಸುಮನೆಗಳೂ ಕೊನೆಗೆ ಒಂದೇ ಮೇಲರಸನ ಕೆಳಗೆ ಬಂದವು.

ಸೈನಿಕ ತಂತ್ರದ ಸ್ವರೂಪ

ಈ ಘಟನೆಗಳಿಂದ ವೆಂಕಟಪ್ಪನಾಯಕನ ತಂತ್ರದ ಮೂರು ಅಂಶಗಳನ್ನು ಗುರುತಿಸಬಹುದು. ಮೊದಲನೆಯದು ಸ್ಥಳೀಯ ಆಹ್ವಾನ. ಉಳ್ಳಾಲದ ಕರೆಯು ಅವನ ಪ್ರವೇಶಕ್ಕೆ ನ್ಯಾಯದ ಹೊದಿಕೆಯನ್ನು ಒದಗಿಸಿತು. ತುಳು ಪ್ರಭುಗಳೆಲ್ಲರೂ ಒಟ್ಟಾಗಿ ಎದುರು ನಿಲ್ಲುವ ಸಾಧ್ಯತೆಯೂ ಇದರಿಂದ ತಪ್ಪಿತು. ಎರಡನೆಯದು ವೇಗ. ಮಳೆಗಾಲದಲ್ಲಿ ಘಟ್ಟದ ದಾರಿಗಳೂ ಕರಾವಳಿಯ ಹೊಳೆಗಳೂ ಸೈನ್ಯಕ್ಕೆ ದುರ್ಗಮವಾಗುವ ಈ ನಾಡಿನಲ್ಲಿ ದೀರ್ಘ ಮುತ್ತಿಗೆಗಿಂತ ಬೇಸಗೆಯ ಚುರುಕಿನ ದಾಳಿಯೇ ಫಲಕಾರಿ. ಮೂರನೆಯದು ಗೆದ್ದ ನೆಲವನ್ನು ಆಳುವ ಕ್ರಮ. ವೇಣೂರಿನ ಅಜಿಲರೂ ಚೌಟರೂ ಮೂಲ್ಕಿಯ ಸಾವಂತರೂ ತಮ್ಮ ಬೀಡುಗಳಲ್ಲಿಯೇ ಉಳಿದರು. ಅವರನ್ನು ಕಿತ್ತುಹಾಕಿ ಪ್ರತಿ ಸೀಮೆಯಲ್ಲಿಯೂ ದಂಡು ಇರಿಸುವುದಕ್ಕಿಂತ ಕಪ್ಪ ಪಡೆಯುವುದು ಅಗ್ಗವಾಗಿತ್ತು. ಉತ್ತರದಲ್ಲಿ ಬಿಜಾಪುರದ ಆದಿಲಶಾಹಿಯ ಭಯವಿದ್ದ ಅರಸನಿಗೆ ಸೈನ್ಯವನ್ನು ಕರಾವಳಿಯಲ್ಲಿ ಕಟ್ಟಿಹಾಕುವುದು ಸಾಧ್ಯವಿರಲಿಲ್ಲ. ಹಾನಗಲ್ಲಿನ ಕಡೆ ಅವನು ಬಿಜಾಪುರದ ಪಡೆಯನ್ನು ಸೋಲಿಸಿದ್ದರೂ ಆ ಗಡಿಯ ಒತ್ತಡ ಮುಂದುವರಿದೇ ಇತ್ತು.

ಮತದ ಪ್ರಶ್ನೆ

ಮತೀಯ ಯುದ್ಧವೆಂಬ ವಾದವನ್ನು ಈ ಹಿನ್ನೆಲೆಯಲ್ಲಿ ಮರುಪರಿಶೀಲಿಸಬೇಕು. ಇಕ್ಕೇರಿಯ ದಂಡಿಗೆ ಸೋತ ಗೇರುಸೊಪ್ಪೆಯ ರಾಣಿ, ಬಂಗರಾಜ ಜೈನರೇ. ಅದು ಬೆಂಬಲಿಸಿದ ಉಳ್ಳಾಲದ ರಾಣಿಯೂ ಜೈನಳೇ. ವೇಣೂರಿನಲ್ಲಿ ತಿಮ್ಮಣ್ಣಾಜಿಲನು 1604ರಲ್ಲಿ ನಿಲ್ಲಿಸಿದ ಗೊಮ್ಮಟಮೂರ್ತಿಗೆ ಇಕ್ಕೇರಿಯ ವಿಸ್ತರಣೆಯ ಕಾಲದಲ್ಲಿ ಯಾವ ಭಂಗವೂ ಬರಲಿಲ್ಲ. ವೀರಶೈವನಾಗಿದ್ದರೂ ವೆಂಕಟಪ್ಪನಾಯಕನು ಶೃಂಗೇರಿಯ ಮಠಕ್ಕೆ ಆಶ್ರಯವಿತ್ತನು. ವ್ಯಾಕರಣ ಪಂಡಿತ ಭಟ್ಟೋಜಿ ದೀಕ್ಷಿತನು 'ತತ್ತ್ವಕೌಸ್ತುಭ'ವನ್ನು ರಚಿಸಿದುದು ಇವನ ಪ್ರೇರಣೆಯಿಂದ. ಮತದ್ವೇಷವೇ ದಂಡಯಾತ್ರೆಯ ಪ್ರೇರಣೆಯಾಗಿದ್ದರೆ ಈ ಸಂಗತಿಗಳು ಹೊಂದಿಕೊಳ್ಳುವುದಿಲ್ಲ.

ಆದರೆ ಉದ್ದೇಶವನ್ನೂ ಪರಿಣಾಮವನ್ನೂ ಬೇರ್ಪಡಿಸಿ ನೋಡುವುದು ಅಗತ್ಯ. ಅರಸುಮನೆಯ ಆದಾಯ ಕುಗ್ಗಿದಲ್ಲಿ ಅದನ್ನೇ ನೆಚ್ಚಿದ್ದ ಬಸದಿಗಳ ಪೂಜೆ, ದಾನಗಳೂ ಕುಗ್ಗಿದವು. ಗೇರುಸೊಪ್ಪೆಯ ಚತುರ್ಮುಖ ಬಸದಿ ಪಾಳುಬಿದ್ದ ಪಟ್ಟಣದ ಕಾಡಿನ ನಡುವೆ ಉಳಿದುದು ಇದಕ್ಕೆ ಸಾಕ್ಷಿ. ಮೂಡಬಿದಿರೆಯಲ್ಲಿ ಹಾಗಾಗಲಿಲ್ಲ. 1430ರಲ್ಲಿ ಕಟ್ಟಿದ ಸಾವಿರಕಂಬದ ಬಸದಿಯ ಬೆಳವಣಿಗೆಯಲ್ಲಿ ಅಲ್ಲಿನ ಸೆಟ್ಟರ ಪಾಲು ದೊಡ್ಡದಾಗಿತ್ತು. ಅರಸು ಬದಲಾದರೂ ವರ್ತಕರ ದಾನ ನಿಲ್ಲಲಿಲ್ಲ. ಜೈನಧರ್ಮದ ಇಳಿಮುಖಕ್ಕೆ ಕತ್ತಿಗಿಂತ ಆದಾಯದ ಪಲ್ಲಟವೇ ಹೆಚ್ಚು ಕಾರಣವೆಂಬುದನ್ನು ಈ ಎರಡು ಊರುಗಳ ಹೋಲಿಕೆ ಸೂಚಿಸುತ್ತದೆ. ಹೀಗೆಂದ ಮಾತ್ರಕ್ಕೆ ದಂಡಯಾತ್ರೆಯು ನಿರಪಾಯಕರವಾಗಿತ್ತೆಂದು ಹೇಳುವಂತಿಲ್ಲ. ನಾಶ ಬಯಸದ ಯುದ್ಧವೂ ನಾಶವನ್ನು ತಂದಿತು.

ಕೊನೆಯ ವರ್ಷಗಳು ಮತ್ತು ಪರಿಣಾಮ

ವೆಂಕಟಪ್ಪನಾಯಕನ ಮಗ ಭದ್ರಪ್ಪನಾಯಕನು ತಂದೆಗಿಂತ ಮೊದಲೇ ತೀರಿಕೊಂಡನು. 1629ರಲ್ಲಿ ಮೊಮ್ಮಗ ವೀರಭದ್ರನಾಯಕನು ಪಟ್ಟಕ್ಕೆ ಬಂದನು. ಅವನ ಕಾಲದಲ್ಲಿ ಬಿಜಾಪುರದ ಒತ್ತಡದಿಂದ ರಾಜಧಾನಿಯೇ ಇಕ್ಕೇರಿಯಿಂದ ಬಿದನೂರಿಗೆ ಬದಲಾಯಿತು. ಅಷ್ಟಾದರೂ ಕರಾವಳಿಯ ಹಿಡಿತ ತಪ್ಪಲಿಲ್ಲ. ಮುಂದೆ 1650ರ ದಶಕದಲ್ಲಿ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡನು. ಕೋಟೆಗಳ ಹಿಂದಿನ ನೆಲವನ್ನು ಅರ್ಧ ಶತಮಾನದ ಹಿಂದಿನಿಂದ ಇಕ್ಕೇರಿ ಹಿಡಿದಿಟ್ಟುಕೊಂಡಿದ್ದುದು ಅವನ ಕೆಲಸವನ್ನು ಸುಲಭಗೊಳಿಸಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ತುಳುನಾಡೂ ಅದರೊಂದಿಗೆ ಕೈಬದಲಾಯಿತು. ತುಳು ಸೀಮೆಗಳನ್ನು ಘಟ್ಟದ ಮೇಲಿನ ಗದ್ದುಗೆಗೆ ಕಟ್ಟಿದ ವೆಂಕಟಪ್ಪನಾಯಕನ ವ್ಯವಸ್ಥೆಯ ದೂರದ ಪರಿಣಾಮವಿದು.

ಒಟ್ಟಿನಲ್ಲಿ, ವೆಂಕಟಪ್ಪನಾಯಕನ ತುಳುನಾಡಿನ ದಂಡಯಾತ್ರೆಗಳನ್ನು ಮತದ್ವೇಷದಿಂದಾಗಲಿ ಪರಕೀಯ ವಿರೋಧದಿಂದಾಗಲಿ ವಿವರಿಸಲಾಗದು. ವಿಜಯನಗರದಿಂದ ಬಂದ ಹಕ್ಕಿನ ನೆನಪು, ಮೆಣಸು-ಅಕ್ಕಿಗಳ ಹಾದಿಯ ಮೇಲಿನ ಹಿಡಿತ, ಸ್ಥಳೀಯ ಕಲಹಗಳ ಉಪಯೋಗ ಇವು ಮೂರೂ ಸೇರಿ ಅವನ ನೀತಿಯಾಯಿತು. ಅಬ್ಬಕ್ಕನ ಬಗೆಗಿನ ಬರಹಗಳು ಆಕೆಯ ಶೌರ್ಯದ ಜೊತೆಗೆ ಆಕೆ ಕಳೆದುಕೊಂಡ ಸೀಮೆಯನ್ನೂ, ಬಂಗನ ಬಗೆಗಿನ ಬರಹಗಳು ಅವನ ತಪ್ಪಿನ ಜೊತೆಗೆ ಅವನ ಮನೆತನ ನಂದಾವರದಲ್ಲಿ ಮುಂದೆಯೂ ಬಾಳಿ, 1837ರ ಬಂಡಾಯದಲ್ಲಿ ಲಕ್ಷ್ಮಪ್ಪ ಬಂಗರಸನು ಬ್ರಿಟಿಷರ ಗಲ್ಲಿಗೇರಿದುದನ್ನೂ ಗಣನೆಗೆ ತೆಗೆದುಕೊಂಡಾಗ ಮಾತ್ರ ತುಳುನಾಡಿನ ಈ ಕಾಲಘಟ್ಟದ ಚರಿತ್ರೆ ಸಮತೋಲನವನ್ನು ಪಡೆದೀತು.